ಓಡುವ ಬೆನ್ನುಗಳ ಹಿಂದೆ ಎರಡು ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ರೀಡಾಂಗಣದ ಗ್ಯಾಲರಿಯ ಕೆಳಗಿರುವ ಉದ್ದನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ ಹೊತ್ತಿಕೊಳ್ಳುತ್ತದೆ. ಬಾಗಿಲು ತೆರೆದು ಬಂದ ಹೆಂಗಸು ಚಪ್ಪಲಿ ಬಿಟ್ಟು ರಬ್ಬರ್ ಅಡಿಯ ಬೂಟು ತೊಡುತ್ತಾರೆ, ಕೂದಲನ್ನು ಬಿಗಿಯಾಗಿ ಗಂಟು ಹಾಕುತ್ತಾರೆ, ಉಂಗುರ ಮತ್ತು ಗಡಿಯಾರ ಕಳಚಿ ಡಬ್ಬಿಯೊಳಗಿಡುತ್ತಾರೆ. ಆಮೇಲೆ ಖಾಲಿ ಟ್ರೆಡ್‌ಮಿಲ್ ಚಾಲು ಮಾಡುತ್ತಾರೆ. ಅದರ ಪಟ್ಟಿ ಜೋರಾಗಿ ಓಡತೊಡಗಿದ ಮೇಲೆ ಪಕ್ಕದ ಕಂಬಿಯ ಮೇಲಿರುವ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದುತ್ತಾರೆ. ಪಟ್ಟಿ ಕಿರ್ರೆಂದು ಒಂದಿಷ್ಟು ಜಾರಿ ನಿಲ್ಲುತ್ತದೆ. ಮತ್ತೆ ಚಾಲು, ಮತ್ತೆ ಗುದ್ದು. ಮೂರನೆಯ ಸಲವೂ ನಿಂತಿತು ಎಂದ ಮೇಲೇ ಅವರ ಮುಖದ ಬಿಗಿ ಸಡಿಲವಾಗುವುದು.

"ಈ ಗುಂಡಿ ಒಂದು ಸಲ ಕೈಕೊಟ್ರೆ ಮುಗೀತು," ಎನ್ನುತ್ತಾರೆ. "ಅದಕ್ಕೇ ದಿನಾ ಬೆಳಿಗ್ಗೆ ಮೊದಲು ಇದರ ಯೋಗಕ್ಷೇಮ ವಿಚಾರಿಸ್ತೀನಿ. ಗಂಡನದ್ದು ಆಮೇಲೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವರೇ ಮೊದಲು ನಗುತ್ತಿದ್ದರು. ಇವತ್ತು ನಗುವುದಿಲ್ಲ. ಗೋಡೆಗೆ ಅಂಟಿಸಿದ ಸರದಿಯಲ್ಲಿ ಎರಡನೆಯವರು ಅವರ ಗಂಡ.

ಈ ಕೋಣೆಯಲ್ಲಿ ಓಟಗಾರರ ದಮ್ಮು ಅಳೆಯುತ್ತಾರೆ. ಎದೆಗೆ ತಂತಿ ಅಂಟಿಸಿ, ಮೂಗುಬಾಯಿಗೆ ಕೊಳವೆಯ ಮಾಸ್ಕ್ ಬಿಗಿದು, ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರೆ. ಕೆಲವು ನಿಮಿಷಕ್ಕೊಮ್ಮೆ ಪಟ್ಟಿಯ ವೇಗವೂ ಹೆಚ್ಚುತ್ತದೆ, ಮುಂಭಾಗವೂ ದಿಬ್ಬದಂತೆ ಮೇಲೇಳುತ್ತದೆ; ಅಂಥ ಒಂದೊಂದು ಹಂತಕ್ಕೆ 'ಏರಿಕೆ' ಎನ್ನುತ್ತಾರೆ. ಇನ್ನು ಆಗುವುದಿಲ್ಲ ಎನ್ನುವವರೆಗೆ ಓಡಬೇಕು. ಮಧ್ಯಾಹ್ನದ ಮೇಲೆ ಹುಡುಗರ ತಂಡಗಳು ಬರುತ್ತವೆ. ಬೆಳಗಿನ ಹೊತ್ತು ಮಾತ್ರ ಅರವತ್ತು ದಾಟಿದವರಿಗೆ ಮೀಸಲು. ದಿನಕ್ಕೆ ಆರೋ ಏಳೋ ಜನ. ಮುಂದೆ ಪರದೆ ನೋಡುತ್ತಾ ಡಾಕ್ಟರಮ್ಮ ಕೂತಿರುತ್ತಾರೆ. ಓಡುವವರ ಹಿಂದೆ, ಒಂದು ತೋಳಿನಷ್ಟು ದೂರದಲ್ಲಿ, ಕೈಗಳನ್ನು ಅಗಲಿಸಿಕೊಂಡು ಈ ಹೆಂಗಸು ನಿಂತಿರುತ್ತಾರೆ. ಬೀಳುವವರನ್ನು ಹಿಡಿಯುವುದು ಅವರ ಕೆಲಸ. ಗುರುತಿನ ಚೀಟಿಯಲ್ಲಿ 'ಸಹಾಯಕಿ' ಎಂದಿದೆ. ಅದನ್ನು ಓದಿದವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವರು 'ಹಿಂದಿನಕ್ಕ'.

ಓಡುವವರ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಅದರ ಹಿಂದಿನ ಕುಣಿಕೆಯನ್ನು ಹಿಂದಿನಕ್ಕ ಎಡಗೈಯ ಎರಡು ಬೆರಳಲ್ಲಿ ಹಿಡಿದಿರುತ್ತಾರೆ. ಎರಡೇ ಬೆರಳು. ಮುಷ್ಟಿಯಲ್ಲಿ ಬಿಗಿಹಿಡಿದರೆ ಓಡುವವರ ಭಾರವನ್ನು ತಾವೇ ಒಂದಿಷ್ಟು ಎತ್ತಿದಂತಾಗುತ್ತದೆ, ಆಗ ಯಂತ್ರ ತೋರಿಸುವ ಲೆಕ್ಕ ಸುಳ್ಳಾಗುತ್ತದೆ. ಬಲಗೈ ಬೆನ್ನಿನ ಹತ್ತಿರ, ಮುಟ್ಟದ ಹಾಗೆ. "ಹಿಡಿದಿರಬೇಕು, ಹಿಡಿದಿರಬಾರದು. ಮಗಳಿಗೆ ಸೈಕಲ್ ಕಲಿಸೋವಾಗ ಹಿಂದೆ ಓಡ್ತೀವಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ಇವರು ಯಾರೂ ಹೊಸದಾಗಿ ಕಲೀತಾ ಇಲ್ಲ."

ಮೊದಲ ಸರದಿ ನಿವೃತ್ತ ಹೆಡ್‌ಮಾಸ್ತರರದು. ಹೆಂಡತಿಯ ಜೊತೆ ಬರುತ್ತಾರೆ. ಹೆಂಡತಿ ಗೋಡೆಯ ಬದಿಯ ಬೆಂಚಿನ ಮೇಲೆ ಹೆಣಿಗೆ ಹಿಡಿದು ಕೂರುತ್ತಾರೆ.

"ಏನು ಹಿಂದಿನಕ್ಕ, ಇವತ್ತಾದ್ರೂ ನಿಮ್ಮ ಕೈಗೆ ಬೀಳ್ತೀನಾ?"

"ಬೀಳಿ ಮೇಷ್ಟ್ರೇ, ಹಿಡಿಯೋಕೇ ಸಂಬಳ. ಆದ್ರೆ ತಿಂಡಿ ಸ್ವಲ್ಪ ಕಮ್ಮಿ ತಿಂದು ಬನ್ನಿ, ನನ್ನ ಭುಜ ಹಳೇದು."

ಸೊಂಟದ ಪಟ್ಟಿ ಬಿಗಿಯುತ್ತಾ ಅವರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳುತ್ತಾರೆ. "ಬೀಳೋ ಮುಂಚೆ ನಿಮಗೆ ಏನಾಗುತ್ತೆ?"

"ನನಗಾ? ಬೀಳೋದಾ? ನಾಲ್ಕು ದಶಕ ಹುಡುಗರ ಎದುರು ನಿಂತವನು ನಾನು."

ಬೆಂಚಿನಿಂದ ಉತ್ತರ ಬರುತ್ತದೆ, ಹೆಣಿಗೆಯಿಂದ ಕಣ್ಣೆತ್ತದೆ. "ಅವರ ಮಾತು ಕಟ್ಕೋಬೇಡಿ. ಸುಸ್ತಾದ್ರೆ ತಲೆ ಬಲಕ್ಕೆ ವಾಲುತ್ತೆ, ಪಕ್ಕದವರು ಕಿವೀಲಿ ಏನೋ ಗುಟ್ಟು ಹೇಳ್ತಿದ್ದಾರೆ ಅನ್ನೋ ಹಾಗೆ. ಮದುವೆ ಆದಾಗಿಂದ ನೋಡ್ತಿದ್ದೀನಿ."

ಹಿಂದಿನಕ್ಕ ತಲೆಯಾಡಿಸುತ್ತಾರೆ. ಅವರ ಪದ್ಧತಿಯೇ ಅದು. ಪ್ರಶ್ನೆ ಕೇಳುವುದು ಓಡುವವರನ್ನು, ನಂಬುವುದು ಜೊತೆಗೆ ಬಂದವರನ್ನು. ಮಾಸ್ಕ್ ಹಾಕಿದ ಮೇಲೆ ಮಾತಾಡಲಾಗುವುದಿಲ್ಲ, ಕೈಸನ್ನೆಯೇ ಗತಿ. ಹೆಬ್ಬೆರಳು ಎತ್ತಿದರೆ ಮುಂದುವರಿಸಿ ಎಂದು, ಮುಷ್ಟಿ ಎತ್ತಿದರೆ ನಿಲ್ಲಿಸಿ ಎಂದು. ಎಷ್ಟು ಕಷ್ಟವಾಗುತ್ತಿದೆ ಎಂದು ಬೆರಳಿಟ್ಟು ತೋರಿಸಲು ಎದುರಿಗೆ ಒಂದು ಫಲಕವೂ ಇದೆ. ಹುಡುಗರು ಅದರಲ್ಲಿ ನಿಜ ತೋರಿಸುತ್ತಾರೆ. ಹಿರಿಯರು ಕಿವಿ ನೇರಳೆ ಬಣ್ಣಕ್ಕೆ ತಿರುಗಿದ್ದರೂ 'ಸುಲಭ'ದ ಮೇಲೆ ಬೆರಳಿಡುತ್ತಾರೆ. ಮುಷ್ಟಿ ಎತ್ತಿದ ಹಿರಿಯರನ್ನು ಹಿಂದಿನಕ್ಕ ಬೆರಳೆಣಿಕೆಯಷ್ಟೂ ಕಂಡಿಲ್ಲ.

ಹೆಡ್‌ಮಾಸ್ತರರ ತಲೆ ಬಲಕ್ಕೆ ವಾಲುತ್ತದೆ. "ಮೇಡಂ," ಎನ್ನುತ್ತಾರೆ ಹಿಂದಿನಕ್ಕ, ಅಷ್ಟೇ. ಡಾಕ್ಟರಮ್ಮ ವೇಗ ಇಳಿಸುತ್ತಾರೆ. ಓಟ ನಡಿಗೆಯಾಗುತ್ತದೆ. ಮಾಸ್ತರರು ಗೆದ್ದವರಂತೆ ಕೈಯೆತ್ತಿ ಪಟ್ಟಿಯಿಂದ ಇಳಿಯಲು ಹೋಗುತ್ತಾರೆ. ಹಿಂದಿನಕ್ಕನ ದನಿ ಮೊದಲ ಸಲ ಏರುತ್ತದೆ. "ನಡೀತಾ ಇರಿ! ನಿಲ್ಲಬೇಡಿ, ನಡೀತಾ ಇರಿ!"

"ಎಲ್ಲರೂ ಅಂದ್ಕೊಂಡಿರೋದು ಓಡುವಾಗ ಬೀಳ್ತಾರೆ ಅಂತ," ಎಂದು ಆಮೇಲೆ ವಿವರಿಸುತ್ತಾರೆ. "ಓಡುವಾಗ ಬೀಳೋರು ಕಮ್ಮಿ. ತಟ್ಟನೆ ನಿಂತ್ರೆ ರಕ್ತ ಎಲ್ಲಾ ಕಾಲಲ್ಲೇ ಉಳಿದುಬಿಡುತ್ತೆ, ತಲೆಗೆ ಹತ್ತಲ್ಲ. ನಗ್ತಾ ನಿಂತಿರ್ತಾರೆ, ಮರುಕ್ಷಣ ನನ್ನ ಕೈಯಲ್ಲಿ. ಈ ವಯಸ್ಸಲ್ಲಿ ನಿಂತ ಮೇಲೇ ಬೀಳೋದು."

ಹಿಂದಿನಕ್ಕ ಇಲ್ಲಿಗೆ ಬರುವ ಮೊದಲು ಆಸ್ಪತ್ರೆಯೊಂದರಲ್ಲಿ ಗಾಲಿಕುರ್ಚಿ ತಳ್ಳುತ್ತಿದ್ದರು. ರೋಗಿಗಳನ್ನು ಮಂಚದಿಂದ ಎತ್ತುವ, ಇಳಿಸುವ ರೂಢಿ ಇತ್ತು. ಈ ಕೇಂದ್ರ ತೆರೆದಾಗ 'ಭಾರ ಹೊರುವ ಅಭ್ಯಾಸ ಇರುವವರು ಬೇಕು' ಎಂದಿದ್ದರಂತೆ. ಸಂದರ್ಶನದಲ್ಲಿ ಗುಮಾಸ್ತರೊಬ್ಬರನ್ನು ಎತ್ತಿ ತೋರಿಸು ಎಂದರು. ಎತ್ತಿದರು. "ಇಳಿಸು ಅಂತ ಹೇಳೋದು ಮರೆತರು, ಅವರನ್ನ ಎತ್ತಿಕೊಂಡೇ ನಿಂತಿದ್ದೆ. ಕೆಲಸ ಸಿಕ್ತು."

ಅಂದಿನಿಂದ ನಿಂತೇ ಇದ್ದಾರೆ. ಈ ಕೆಲಸದಲ್ಲಿ ಕುರ್ಚಿ ಇಲ್ಲ. ಕಾಲಿನ ನರಗಳು ಹಗ್ಗದಂತೆ ಉಬ್ಬಿವೆ. ಒಮ್ಮೆ ಭಾರಿ ಆಳೊಬ್ಬರು ಪೂರ್ತಿ ಮೈಬಿಟ್ಟು ಬಿದ್ದಾಗ ಬಲಭುಜದ ಕೀಲು ತಪ್ಪಿತು. ಅವರಿಗೆ ತರಚಿದ ಗಾಯವೂ ಆಗಲಿಲ್ಲ, ಇವರು ಆರು ವಾರ ಎಡಗೈಯಲ್ಲಿ ಊಟ ಮಾಡಿದರು. ಮಾಸ್ಕ್‌ಗಳ ಜೊಲ್ಲು ತೊಳೆಯುವುದು, ತಂತಿ ಅಂಟಿಸುವ ಕಡೆ ಎದೆಯ ಬಿಳಿಕೂದಲು ಬೋಳಿಸುವುದು, ಬಟ್ಟೆಯಲ್ಲೇ ಹೇಲು ಉಚ್ಚೆ ಮಾಡಿಕೊಂಡವರನ್ನು ಯಾರಿಗೂ ಗೊತ್ತಾಗದ ಹಾಗೆ ಬಚ್ಚಲಿಗೆ ಕರೆದೊಯ್ಯುವುದು, ಎಲ್ಲ ಅವರದೇ. ಗೋಡೆಯ ಮೇಲೆ ಒಂದು ದೊಡ್ಡ ಫೋಟೊ ಇದೆ. ಎಂಬತ್ತರ ಗುಂಪಿನಲ್ಲಿ ದಾಖಲೆ ಮಾಡಿದ ಓಟಗಾರರೊಬ್ಬರು ಇದೇ ಪಟ್ಟಿಯ ಮೇಲೆ ಓಡುತ್ತಿರುವುದು. ಫೋಟೊದ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. "ಅದು ನಂದೇ," ಎನ್ನುತ್ತಾರೆ. "ನೋಡಿ, ಮೊಣಕೈ ಎಷ್ಟು ಚೆನ್ನಾಗಿ ಬಂದಿದೆ."

ಹಿಂದಿನಕ್ಕನಿಗೆ ಹೆಮ್ಮೆ ಇರುವುದು ಒಂದೇ ವಿಷಯದಲ್ಲಿ. ಅವರು ನಿಂತಿರುವಾಗ ಈ ಕೋಣೆಯ ನೆಲಕ್ಕೆ ಯಾರ ತಲೆಯೂ ಬಡಿದಿಲ್ಲ.

ದುಃಖ ಬೇರೆ ಇದೆ. ಅದನ್ನು ಅವರು ಮಾಸ್ಕ್‌ಗಳನ್ನು ಬಕೆಟ್ಟಿನಲ್ಲಿ ಅದ್ದುತ್ತಾ, ಬೇರೆ ಯಾರದೋ ಮನೆಯ ಮಾತಿನಂತೆ ಹೇಳುತ್ತಾರೆ. ಅವೇ ಬೆನ್ನುಗಳು ವರ್ಷವರ್ಷವೂ ಬರುತ್ತವೆ. ಹೋದ ವರ್ಷ ಸೊಂಟದ ಪಟ್ಟಿ ಬಿಗಿದ ರಂಧ್ರ ಈ ವರ್ಷ ಸಡಿಲವಾಗುತ್ತದೆ, ಇನ್ನೊಂದು ಒಳಗೆ ಬಿಗಿಯಬೇಕು. ಎಷ್ಟು ನಿಯತ್ತಾಗಿ ಓಡಿದರೂ ದಮ್ಮು ಇಳಿಯುತ್ತದೆ. ಓಡುವವರಿಗೆ ನಿಧಾನವಾಗಿ, ಓಡದವರಿಗೆ ಬೇಗ, ಅಷ್ಟೇ ವ್ಯತ್ಯಾಸ. ಮೂವತ್ತರ ಸೋಮಾರಿಗಳನ್ನು ನಾಚಿಸುವಂಥ ಎಪ್ಪತ್ತರ ಮುದುಕರನ್ನು ಅವರು ಕಂಡಿದ್ದಾರೆ. ಅದೇ ಮುದುಕರು ಹೋದ ವರ್ಷದ ತಮ್ಮನ್ನೇ ತಾವು ಮೀರಿಸಲಾಗದೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಳುವುದನ್ನೂ ಕೇಳಿದ್ದಾರೆ. ಕೆಲವರು ಒಂದು ವರ್ಷ ಬರುವುದಿಲ್ಲ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಸರದಿಯಲ್ಲಿ ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ.

ಅವರ ಗಂಡ ಬಸ್ ಡ್ರೈವರ್ ಆಗಿದ್ದವರು. ಓಟ ಹಚ್ಚಿಕೊಂಡದ್ದು ಐವತ್ತು ದಾಟಿದ ಮೇಲೆ, ಬೆನ್ನುನೋವಿಗೆ ವೈದ್ಯರು ನಡೆಯಲು ಹೇಳಿದಾಗ. "ಜೀವಮಾನ ಎಲ್ಲ ಕೂತು ದುಡಿದೆ, ಊರು ತಾನಾಗೇ ಹಿಂದಕ್ಕೆ ಓಡ್ತಿತ್ತು. ಇನ್ನು ನಾನು ಓಡ್ತೀನಿ, ಊರು ಸುಮ್ಮನೆ ನಿಂತಿರಲಿ," ಎಂದವರು ನಡಿಗೆಗೇ ನಿಲ್ಲಿಸಲಿಲ್ಲ. ನಿವೃತ್ತಿಯಾದ ಮೇಲೆ ಅವರಿಗೆ ಇದ್ದದ್ದು ಅದೊಂದೇ. ಬೆಳಿಗ್ಗೆ ಗಂಡಹೆಂಡತಿ ಒಟ್ಟಿಗೆ ಮನೆಯಿಂದ ಹೊರಡುತ್ತಿದ್ದರು. ಕ್ರೀಡಾಂಗಣದ ಗೇಟಿನಲ್ಲಿ ಇವರು ಕೋಣೆಗೆ, ಅವರು ಗೆಳೆಯರ ಗುಂಪಿನ ಜೊತೆ ಓಟಕ್ಕೆ. ಆ ಗುಂಪಿಗೆಲ್ಲ ಒಂದೇ ಬಗೆಯ ನೀಲಿ ಬನಿಯನ್ನು. ಹೊಲಿದುಕೊಟ್ಟದ್ದು ಗುಂಪಿನವರೇ ಆದ ಒಬ್ಬ ಟೈಲರ್, ಡ್ರೈವರ್‌ನ ಜೀವದ ಗೆಳೆಯ.

ಆ ಟೈಲರ್ ಕೆಲವು ವರ್ಷಗಳ ಹಿಂದೆ ಊರಿನ ದೊಡ್ಡ ಓಟದಲ್ಲಿ, ಮುಗಿಯುವ ಗೆರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಮುಗ್ಗರಿಸಿ ಬಿದ್ದರು. ಏಳಲಿಲ್ಲ. ಆ ವರ್ಷ ಅವರು ಪರೀಕ್ಷೆ ಮಾಡಿಸಿರಲಿಲ್ಲ. ಅಂದಿನಿಂದ ನಿಯಮ ಬಂತು: ಅರವತ್ತೈದು ದಾಟಿದವರು ಈ ಕೋಣೆಯ ಸರ್ಟಿಫಿಕೇಟ್ ತೋರಿಸದೆ ಆ ಓಟದಲ್ಲಿ ಓಡುವಂತಿಲ್ಲ. ಪರದೆಯ ಮೇಲೆ ಹೃದಯ ಬಡಿತದ ಗೆರೆ ಸರಿ ಇರಬೇಕು, ಜೊತೆಗೆ ಪಟ್ಟಿಯ ಮೇಲೆ ನಾಲ್ಕನೆಯ ಏರಿಕೆಯನ್ನು ಮುಗಿಸಬೇಕು.

ಮೂರು ತಿಂಗಳ ಹಿಂದೆ ಡ್ರೈವರ್ ಪರೀಕ್ಷೆಗೆ ಬಂದರು. ಎಪ್ಪತ್ತೊಂದು ವಯಸ್ಸು, ಹುರಿಗೊಂಡ ಮೈ. ದೊಡ್ಡ ಓಟಕ್ಕೆ ಒಂದು ತಿಂಗಳಿತ್ತು. ಮನೆಯವರ ಹಿಂದೆ ಮನೆಯವರು ನಿಲ್ಲುವುದು ಬೇಡ, ಫಿಸಿಯೋಥೆರಪಿಯ ಹುಡುಗಿ ನಿಲ್ಲಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಹಿಂದಿನಕ್ಕ ಒಪ್ಪಲಿಲ್ಲ. "ಪರರ ಗಂಡಂದಿರನ್ನೆಲ್ಲ ಹಿಡಿದಿದ್ದೀನಿ ಮೇಡಂ, ನನ್ನ ಗಂಡನ್ನ ಬೇರೆಯವರ ಕೈಗೆ ಕೊಡ್ಲಾ?" ಎಂದರು. ಎಲ್ಲರೂ ನಕ್ಕರು. ಅವರೇ ಹಿಂದೆ ನಿಂತರು.

ಡ್ರೈವರ್‌ಗೆ ದಣಿವಾದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಿನವಿಡೀ ಬಸ್ ಓಡಿಸಿ ಬಂದ ರಾತ್ರಿಗಳಲ್ಲಿ ಮೆಟ್ಟಿಲು ಹತ್ತುವಾಗ ಅವರ ಎಡಗಾಲು ಕ್ಲಚ್ ತುಳಿದಂತೆ ಒತ್ತಿ ಒತ್ತಿ ಇಡುತ್ತಿತ್ತು. ಅಂದು ನಾಲ್ಕನೆಯ ಏರಿಕೆಯಲ್ಲಿ ಆ ಎಡಗಾಲು ಒತ್ತತೊಡಗಿತು. ಬೆವರಿಗೆ ಅಂಟಿದ ನೀಲಿ ಬನಿಯನ್ನು, ಅದರ ಮೇಲೆ ಟೈಲರ್ ಹಾಕಿದ ಹೊಲಿಗೆ.

"ಆ ಬೆನ್ನು ಯಾರದ್ದು ಅಂತ ಒಂದು ಗಳಿಗೆ ನನಗೆ ಗೊತ್ತಾಗಲಿಲ್ಲ," ಎನ್ನುತ್ತಾರೆ. "ಟೈಲರಣ್ಣನೇ ಓಡ್ತಿದ್ದಾರೆ ಅನ್ನಿಸ್ತು. ಮೇಡಂ ಅಂತ ಕೂಗಲೂ ಇಲ್ಲ. ಕೈ ಹೋಗಿ ಗುಂಡಿ ಗುದ್ದಿಬಿಟ್ಟಿತ್ತು."

ಪಟ್ಟಿ ನಿಂತಿತು. ಡ್ರೈವರ್ ಮುಂದಕ್ಕೆ ಮುಗ್ಗರಿಸಿದರು, ಇವರು ಹಿಡಿದರು. ಹೃದಯದ ಗೆರೆಯಲ್ಲಿ ಒಂದು ಸಣ್ಣ ಕೊಂಕೂ ಇರಲಿಲ್ಲ. ಎಡಗಾಲು ಒತ್ತುವುದು ಅವರ ನಡಿಗೆಯ ರೀತಿ, ಮೊದಲ ನಿಮಿಷದಿಂದಲೂ ಹಾಗೇ ಇತ್ತು ಎಂದು ಡಾಕ್ಟರಮ್ಮ ವಿಡಿಯೊ ತೋರಿಸಿದರು. ನಿಜವೇ. ಹಿಂದಿನಕ್ಕ ಅದುವರೆಗೆ ಗಮನಿಸಿರಲಿಲ್ಲ, ಅಷ್ಟೇ. ಏರಿಕೆ ಮುಗಿಯಲು ಉಳಿದದ್ದು ಒಂದೂವರೆ ನಿಮಿಷ. ಅರ್ಧಕ್ಕೆ ನಿಂತ ಪರೀಕ್ಷೆಗೆ ಸರ್ಟಿಫಿಕೇಟ್ ಇಲ್ಲ, ಮೂರು ತಿಂಗಳು ಕಳೆಯದೆ ಮರುಪರೀಕ್ಷೆಯೂ ಇಲ್ಲ. ಡಾಕ್ಟರಮ್ಮ ಮೇಲಿನವರನ್ನು ಕೇಳಿ ನೋಡಿದರು. ನಿಯಮ ಸಡಿಲವಾಗಲಿಲ್ಲ.

ಅಂದು ಸಂಜೆ ಕಾರಿಡಾರಿನಲ್ಲಿ ಹಿಂದಿನಕ್ಕ ಡಾಕ್ಟರಮ್ಮನನ್ನು ಒಂದೇ ಮಾತು ಕೇಳಿದರು. "ಗುಂಡಿ ಒತ್ತಿದಾಗ ಅವರ ಮುಖ ಹೇಗಿತ್ತು ಮೇಡಂ? ನನಗೆ ಕಾಣಲ್ಲವಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ನಗ್ತಾ ಇದ್ರು ಅಕ್ಕ. ಮಾಸ್ಕ್ ಇದ್ರೂ ಕಣ್ಣಲ್ಲಿ ಗೊತ್ತಾಗ್ತಿತ್ತು."

ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಹಿಂದಿನಕ್ಕ. ಡ್ರೈವರ್ ಬೂಟುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು. ಬೆಳಿಗ್ಗೆ ಏಳುವುದನ್ನು ಬಿಟ್ಟರು. ಇವರು ಕತ್ತಲಲ್ಲಿ ಒಬ್ಬರೇ ಬಾಗಿಲೆಳೆದುಕೊಂಡು ಹೊರಡುವಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು, ಎಚ್ಚರವಾಗಿಯೇ. ಒಂದು ದಿನ ಧೈರ್ಯ ಮಾಡಿ, "ಗುಂಪಿನವರು ಕೇಳ್ತಿದ್ರು, ಒಂದು ಸುತ್ತು ಹೋಗಿ ಬನ್ನಿ," ಎಂದರು.

"ನಿಲ್ಲಿಸಿದವಳೂ ನೀನೇ, ಈಗ ಓಡು ಅನ್ನೋಳೂ ನೀನೇನಾ?"

ದೊಡ್ಡ ಓಟದ ದಿನ ಓಟಗಾರರು ಅವರ ಬೀದಿಯ ತುದಿಯಲ್ಲೇ ಹಾದುಹೋದರು. ನೀಲಿ ಬನಿಯನ್ನಿನವರು ಮನೆಯ ಕಡೆ ತಿರುಗಿ ಹೆಸರು ಹಿಡಿದು ಕೂಗಿದರು. ಡ್ರೈವರ್ ಟೀವಿಯ ಸದ್ದು ಏರಿಸಿದರು.

ಮಗಳು ಫೋನಿನಲ್ಲಿ ತಾಯಿಯನ್ನು ಸಮಾಧಾನ ಮಾಡಿದಳು. "ಜೀವ ಉಳಿಸಿದೆ ಅಂದ್ಕೋ ಅಮ್ಮಾ. ಏನಾದ್ರೂ ಆಗಿದ್ರೆ?"

"ಉಳಿಸಿದ್ದು ಏನನ್ನ ಅಂತ ಒಂದ್ಸಲ ಬಂದು ನೋಡಿ ಹೋಗು," ಎಂದರು ತಾಯಿ.

ಮರುಪರೀಕ್ಷೆಯ ದಿನ ಹತ್ತಿರ ಬಂದಾಗ, ಏನನ್ನಿಸಿತೋ, ಡ್ರೈವರ್ ಮಂಚದ ಕೆಳಗಿನಿಂದ ಬೂಟು ಹೊರಗೆಳೆದರು. ಮೊದಲ ದಿನ ಓಡಲು ಹೋದವರು ಹಾಲು ತರಲು ಹೋದವರಷ್ಟು ಬೇಗ ಮರಳಿದರು. ಎರಡನೆಯ ದಿನವೂ ಅಷ್ಟೇ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಬಹಳ ಹೊತ್ತು ಕೂತರು. ಹಿಂದಿನಕ್ಕ ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತಿದ್ದರು, ಒಳಗೆ ಕೊಡಲೂ ಆಗದೆ, ಅಲ್ಲಿಂದ ಹೋಗಲೂ ಆಗದೆ. ಇಪ್ಪತ್ತರ ಹುಡುಗ ಮೂರು ತಿಂಗಳು ಮಲಗಿ ಎದ್ದರೆ ಒಂದಷ್ಟು ವಾರದಲ್ಲಿ ಮೊದಲಿನಂತಾಗುತ್ತಾನೆ. ಎಪ್ಪತ್ತರ ಮೇಲೆ ಹಾಗಲ್ಲ, ಹೋದದ್ದರಲ್ಲಿ ಒಂದು ಪಾಲು ಮರಳಿ ಬರುವುದೇ ಇಲ್ಲ ಎಂದು ಡಾಕ್ಟರಮ್ಮ ಹಲವರಿಗೆ ಹೇಳುವುದನ್ನು ಅವರು ಈ ಕೋಣೆಯಲ್ಲಿ ನಿಂತೇ ಕೇಳಿದ್ದಾರೆ. ತಮ್ಮ ಮನೆಯ ಮಾತು ಎಂದು ಆಗ ಕೇಳಿಸಿಕೊಂಡಿರಲಿಲ್ಲ.

ಇವತ್ತು ಸರ್ಟಿಫಿಕೇಟ್ ಸಿಕ್ಕರೆ ಒಂದು ವರ್ಷ ನಡೆಯುತ್ತದೆ, ಮುಂದಿನ ದೊಡ್ಡ ಓಟಕ್ಕೆ ಸಾಕು. ಮರುಪರೀಕ್ಷೆಯಲ್ಲೂ ಸಿಗದಿದ್ದರೆ ಇನ್ನೊಂದು ಪರೀಕ್ಷೆಗೆ ಒಂದು ವರ್ಷ ಕಾಯಬೇಕು.

ಹೆಡ್‌ಮಾಸ್ತರರ ಬೆವರು ಒರೆಸಿ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಡ್ರೈವರ್ ಕಾಣಿಸುತ್ತಾರೆ. ಬೇರೆಯಾಗಿ ಬಂದಿದ್ದಾರೆ. ನೀಲಿ ಬನಿಯನ್ನು ಭುಜದಲ್ಲಿ ಸಡಿಲವಾಗಿದೆ.

"ಫಿಸಿಯೋ ಹುಡುಗಿಯನ್ನ ಕರೀಲಾ?" ಎಂದು ಡಾಕ್ಟರಮ್ಮ ಇಬ್ಬರಿಗೂ ಸೇರಿಸಿ ಕೇಳುತ್ತಾರೆ.

"ಹೌದು ಮೇಡಂ, ಅವಳೇ ನಿಲ್ಲಲಿ," ಎನ್ನುತ್ತಾರೆ ಹಿಂದಿನಕ್ಕ.

"ಬೇಡ," ಎನ್ನುತ್ತಾರೆ ಡ್ರೈವರ್, ಬೂಟಿನ ದಾರ ಬಿಗಿಯುತ್ತಾ. "ಹಿಂದೆ ಇವಳೇ ಇರಲಿ."

ಹಿಂದಿನಕ್ಕ ಸೊಂಟದ ಪಟ್ಟಿ ಕಟ್ಟುತ್ತಾರೆ. ಎರಡು ರಂಧ್ರ ಒಳಕ್ಕೆ ಹೋಗುತ್ತದೆ. ಬಾಯಿಪಾಠದಂತೆ ಪ್ರಶ್ನೆ ಹೊರಬೀಳುತ್ತದೆ. "ಬೀಳೋ ಮುಂಚೆ ನಿಮಗೆ ಏನಾಗುತ್ತೆ?"

ಬೆಂಚಿನ ಮೇಲಿಂದ ಮಾಸ್ತರರ ಹೆಂಡತಿ ತಡೆಯಲಾರದೆ ನಗುತ್ತಾರೆ. "ಅಯ್ಯೋ, ಉತ್ತರ ಹೇಳಬೇಕಾದವರೇ ಪ್ರಶ್ನೆ ಕೇಳ್ತಿದ್ದಾರಲ್ಲ!"

ಡ್ರೈವರ್ ಕೂಡ ತುಟಿ ಕೊಂಕಿಸುತ್ತಾರೆ, ನಗು ಎನ್ನಲಾಗದು. "ಗೊತ್ತಿಲ್ಲ," ಎನ್ನುತ್ತಾರೆ. "ಇದುವರೆಗೆ ಬಿದ್ದು ನೋಡಿಲ್ಲ."

ಪಟ್ಟಿ ಓಡತೊಡಗುತ್ತದೆ. ಮೊದಲ ಏರಿಕೆ. ಹಿಂದಿನಕ್ಕನ ಎಡಗೈಯ ಎರಡು ಬೆರಳು ಕುಣಿಕೆಯಲ್ಲಿ, ಬಲಗೈ ಬೆನ್ನಿನ ಹತ್ತಿರ. ಎಂದೂ ಇಲ್ಲದ್ದು, ಇವತ್ತು ಅವರು ಕೆಂಪು ಗುಂಡಿಯಿಂದ ಒಂದು ಹೆಜ್ಜೆ ಆಚೆಗೆ ನಿಂತಿದ್ದಾರೆ. ಎರಡನೆಯ ಏರಿಕೆ. ಎಡಗಾಲು ಒತ್ತುತ್ತಿದೆ, ಮೊದಲ ನಿಮಿಷದಿಂದಲೂ. ಡಾಕ್ಟರಮ್ಮ ಫಲಕ ತೋರಿಸುತ್ತಾರೆ. ಡ್ರೈವರ್‌ನ ಬೆರಳು ಎಲ್ಲಿ ಕೂತಿತೆಂದು ಹಿಂದಿನಿಂದ ಕಾಣುವುದಿಲ್ಲ. ಉಸಿರು ಕೊಳವೆಯೊಳಗೆ ಗರಗರ ಎನ್ನುತ್ತಿದೆ. ಮಾಸ್ತರರ ಹೆಂಡತಿಯ ಹೆಣಿಗೆ ನಿಂತಿದೆ.

ಮೂರನೆಯ ಏರಿಕೆ ಅರ್ಧವಾಗುವಾಗ ಭುಜಗಳು ಕಿವಿಯ ಕಡೆಗೆ ಏರುತ್ತವೆ. ಹಿಂದಿನಕ್ಕನ ಬಲಗೈ ಗುಂಡಿಯ ಕಡೆಗೆ ಹೋಗುತ್ತದೆ, ಗಾಳಿಯಲ್ಲೇ ನಿಲ್ಲುತ್ತದೆ, ಮರಳಿ ಬರುತ್ತದೆ. ಅವರು ಹಲ್ಲು ಕಚ್ಚಿರುವುದು ಕೆನ್ನೆಯ ಮೇಲೆ ಕಾಣುತ್ತದೆ.

ಆಗ ಡ್ರೈವರ್ ಕೈಯೆತ್ತುತ್ತಾರೆ. ಹೆಬ್ಬೆರಳಲ್ಲ. ಮುಷ್ಟಿ.

ಡಾಕ್ಟರಮ್ಮನಿಗೂ ನಂಬಿಕೆ ಬರುವುದಿಲ್ಲ. ಒಂದು ಕ್ಷಣ ತಡೆದೇ ವೇಗ ಇಳಿಸುತ್ತಾರೆ. ಮೂರು ತಿಂಗಳ ಹಿಂದೆ ಹಿಂದಿನಕ್ಕ ನಿಲ್ಲಿಸಿದ ಜಾಗ ಇನ್ನೂ ಒಂದು ಏರಿಕೆಯಷ್ಟು ದೂರದಲ್ಲಿದೆ.

"ನಡೀತಾ ಇರಿ," ಎನ್ನುತ್ತಾರೆ ಹಿಂದಿನಕ್ಕ. ದನಿ ಏರುವುದಿಲ್ಲ. "ನಿಲ್ಲಬೇಡಿ. ನಡೀತಾ ಇರಿ."

ಅವರು ನಡೆಯುತ್ತಾರೆ. ಮಾಸ್ಕ್ ಕಳಚಿದ ಮೇಲೂ ಬಹಳ ಹೊತ್ತು ನಡೆಯುತ್ತಾರೆ, ಇಳಿ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿರುವವರಂತೆ. ಹೃದಯ ಗಟ್ಟಿಯಾಗಿದೆ ಎಂದು ಡಾಕ್ಟರಮ್ಮ ಮೊದಲು ಹೇಳುತ್ತಾರೆ. ದಮ್ಮಿನ ಮಾತು ಆಮೇಲೆ. ದಿನಾ ನಡೆಯಿರಿ, ನಿಧಾನವಾಗಿ ಓಡಿ, ಯಾರೂ ಬೇಡ ಅನ್ನುವುದಿಲ್ಲ, ಬರುವ ದೊಡ್ಡ ಓಟ ಮಾತ್ರ ಬೇಡ, ಮುಂದಿನ ವರ್ಷ ಮತ್ತೆ ಪರೀಕ್ಷೆ ಮಾಡಿ ನೋಡೋಣ. ಮುಂದಿನ ವರ್ಷ ದಮ್ಮು ಏರುವುದಿಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು. ಡ್ರೈವರ್ ತಲೆಯಾಡಿಸುತ್ತಾರೆ.

ಸೊಂಟದ ಪಟ್ಟಿ ಬಿಚ್ಚುವಾಗ ಅವರು ಹೆಂಡತಿಗೆ ಮಾತ್ರ ಕೇಳುವಂತೆ ಹೇಳುತ್ತಾರೆ. ಸಿಟ್ಟಿಲ್ಲ. ಯಾವ ನಿಲ್ದಾಣ ಬಂತೆಂದು ಪ್ರಯಾಣಿಕರಿಗೆ ಹೇಳುವ ದನಿ.

"ಅವತ್ತು ಓಡ್ತಿದ್ದೆ ನಾನು."

"ಹೌದು," ಎನ್ನುತ್ತಾರೆ ಹಿಂದಿನಕ್ಕ. "ಓಡ್ತಿದ್ರಿ."

ಅಷ್ಟೇ. ಸಕ್ಕರೆ ಹೆಚ್ಚು ಹಾಕಿದ ಟೀ ಲೋಟವನ್ನು ಅವರ ಕೈಗಿಟ್ಟು, ಲೋಟದ ಅಡಿಗೆ ತಮ್ಮ ಕೈಯನ್ನೂ ಇಡುತ್ತಾರೆ. ಅವರು ಕೊಸರಿಕೊಳ್ಳುವುದಿಲ್ಲ. ಕುಡಿದು ಮುಗಿಸಿ, ಬೂಟು ಬದಲಿಸಿ, "ಸಾಯಂಕಾಲ ಬರುವಾಗ ಬ್ರೆಡ್ ತಗೊಂಡು ಬಾ," ಎಂದು ಹೊರಡುತ್ತಾರೆ. ಮೂರು ತಿಂಗಳಲ್ಲಿ ಅವರಾಗಿ ಹೇಳಿದ ಮೊದಲ ಮನೆವಾರ್ತೆಯ ಮಾತು ಅದು. ಕಾರಿಡಾರಿನ ತುದಿಯವರೆಗೆ ಹಿಂದಿನಕ್ಕ ಆ ಬೆನ್ನನ್ನು ನೋಡುತ್ತಾ ನಿಲ್ಲುತ್ತಾರೆ. ಕೈಗಳು ಸ್ವಲ್ಪ ಅಗಲಿಸಿಯೇ ಇವೆ, ರೂಢಿಯಂತೆ.

ಮೂರನೆಯ ಸರದಿಯವರು ಹೊರಗೆ ಕಾಲು ಸಡಿಲಿಸುತ್ತಿದ್ದಾರೆ. ಹಿಂದಿನಕ್ಕ ಪಟ್ಟಿಯ ಮೇಲೆ ಬಿದ್ದ ಬೆವರನ್ನು ಬಟ್ಟೆಯಿಂದ ಒರೆಸುತ್ತಾರೆ. ನೌಕರಿ ಕಾಯಂ ಆಗಬೇಕೇ, ಓಡುವವರು ಬೀಳದಂತೆ ಚಾವಣಿಗೆ ಕೊಕ್ಕೆ ಹಾಕಿ ಅವರ ಸೊಂಟಕ್ಕೆ ಹಗ್ಗ ಇಳಿಬಿಟ್ಟರೆ ನಿಮ್ಮ ಭುಜಕ್ಕೆ ಸುಲಭವಾಗುವುದಿಲ್ಲವೇ, ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಒರೆಸುವುದನ್ನು ನಿಲ್ಲಿಸದೆ ಯೋಚಿಸುತ್ತಾರೆ.

"ಕೊಕ್ಕೆ ಹಾಕಲಿ, ಒಳ್ಳೇದೇ. ಕೊಕ್ಕೆಗೆ ಹೆದರಿಕೆ ಆಗಲ್ಲ," ಎನ್ನುತ್ತಾರೆ. ಬಟ್ಟೆ ಹಿಂಡಿ ಕಂಬಿಗೆ ಹರವುತ್ತಾರೆ. "ಆಸೆ ಅಂದ್ರೆ... ಇಷ್ಟು ವರ್ಷ ಬರೀ ಬೆನ್ನು ನೋಡಿದೆ. ಒಂದೇ ಒಂದು ಸಲ ಆ ಕಡೆ, ಮೇಡಂ ಕೂರ್ತಾರಲ್ಲ, ಅಲ್ಲಿ ನಿಂತು ನೋಡಬೇಕಿತ್ತು. ನಮ್ಮ ಮನೆಯವರು ಓಡುವಾಗ ನಗ್ತಾರಂತೆ."

ಮೂರನೆಯ ಸರದಿಯವರು ಒಳಗೆ ಬರುತ್ತಾರೆ. ಹಿಂದಿನಕ್ಕ ಕೆಂಪು ಗುಂಡಿಯನ್ನು ಇನ್ನೊಮ್ಮೆ ಗುದ್ದಿ ನೋಡಿ, ತಮ್ಮ ಜಾಗಕ್ಕೆ ಹೋಗುತ್ತಾರೆ.